ತೂತಿನ ಬಿಲ್ಲು

ಉದ್ಯಮಬಾಗದ ಹಿಂದಿನ ಸಾಲಿನಾಗ
ವೆಲ್ಡಿಂಗ್ ಶಾಪಿಗೆ ಬೆನ್ನು ಕೊಟ್ಟು ನಮ್ಮ ಮಷಿನ್ ನಿಂತೈತಿ.
ಮಂದಿ ಸಾಮಾನು ಮಾಡಿ ಮಾರತಾರ,
ನಾ ತೂತು ಮಾರತೀನಿ.
ಇದ್ದದ್ದು ತಗದು ಹಾಕಿ
ಇಲ್ಲದ್ದಕ್ಕ ರೊಕ್ಕ ಎಣಿಸಿಕೋತೀನಿ.

ಸುವಿದ್ಯಾ ಮೇಡಂ ಮೊದಲ ಸಲ ಬಂದದ್ದು ಸ್ಕೂಟಿ ಮ್ಯಾಲೆ,
ಡಿಕ್ಕಿಯೊಳಗ ಸುರುಳಿ ಸುತ್ತಿದ ಡ್ರಾಯಿಂಗು.
"ಭರಮಣ್ಣ, ನೂರಾ ನಲವತ್ನಾಕು ತೂತು,
ಮುಕ್ಕಾಲು ಮಿಲಿಮೀಟರ್.
ನೆಟ್ಟಗ ಬ್ಯಾಡ, ಮೂವತ್ತು ಡಿಗ್ರಿ ವಾರೆ."
"ಜರಡಿ ಏನ್ರಿ?" ಅಂದೆ.
"ಟರ್ಬೈನಿನ ಅಲಗು," ಅಂದ್ರು.

ಹೊರಗ ಬೆಂಕಿಗಾಳಿ, ಒಂದೂವರಿ ಸಾವಿರ ಡಿಗ್ರಿ.
ಲೋಹ ಅದಕ್ಕಿಂತ ಮೊದಲ ಕರಗತೈತಿ.
ಅದಕ ಅಲಗಿನ ಹೊಟ್ಟಿ ಟೊಳ್ಳು;
ಒಳಗಿಂದ ತಂಪ ಗಾಳಿ ಹೊರಗ ಬಂದು
ಮೈತುಂಬ ಸೆರಗು ಹೊಚ್ಚಬೇಕು.
"ತಂಪಂದ್ರ ಎಷ್ಟ್ರಿ?"
"ಆರುನೂರು."
ನಾ ನಕ್ಕೆ. ಅವರು ನಗಲಿಲ್ಲ.

ಅಪ್ಪ ಮಚ್ಛೆ ಫೌಂಡ್ರಿಯಿಂದ ಪಾಳಿ ಮುಗಿಸಿ ಬಂದಾಗ
ಅವ್ವ ಬಾಗಲದಾಗ ಪಿಸುಗುಡತಿದ್ಲು,
"ಇವತ್ತ ತಂಪ ಅದಾನ, ಏನರ ಕೇಳೂದಿದ್ರ ಕೇಳ್ರಿ."
ಆ ತಂಪಿನ ಡಿಗ್ರಿ ನನಗ ಗೊತ್ತಿತ್ತು.

ಹನ್ನೊಂದು ಡ್ರಿಲ್ ಮುರದ್ವು.
ಎಣಿಸಿದ್ದು ಕನ್ನಡದಾಗ, ಬೈದದ್ದು ಮರಾಠಿಯಾಗ.
ನೂರಾ ಮೂವತ್ತೊಂಬತ್ತನೇ ತೂತಿನಾಗ ಒಂದು ಮುರದು
ಒಳಗ ಉಳದು ಬಿಡ್ತು; ಮತ್ತ ಮೊದಲಿಂದ.

ಮೇಡಂ ಹೇಳಿದ ಒಂದು ಮಾತು ಮಾತ್ರ ತಲಿಯಾಗ ಕುಂತೈತಿ:
ಜೋರು ಊದಿದ್ರ ತಂಪ ಗಾಳಿ ಮೈ ಬಿಟ್ಟು ಜಿಗಿತೈತಿ,
ಅದರ ಬುಡಕ್ಕ ಬೆಂಕಿ ನುಗ್ಗತೈತಿ.
ಮೆಲ್ಲಕ ಬರಬೇಕು. ಅಂಟಿಕೊಂಡು ಹೋಗಬೇಕು.

ಮರು ವರ್ಷ ಬಂದಾಗ ಡ್ರಾಯಿಂಗಿನಾಗ ತೂತಿಲ್ಲ, ಗೆರಿ.
ಅಂಗೈಯಷ್ಟೂ ಇಲ್ಲದ ಅಕ್ರಿಲಿಕ್ ತುಂಡಿನ ಮ್ಯಾಲೆ
ಮೂರು ಕೂದಲು ಜೋಡಿಸಿಟ್ಟಷ್ಟು ಅಗಲದ ಕಾಲುವಿ.
"ಒಂದ ಹನಿ ರಗತ, ಭರಮಣ್ಣ. ಪಂಪಿಲ್ಲ, ಕರೆಂಟಿಲ್ಲ,
ತಾನ ಹಾದಿ ಹಿಡದು ಹೋಗತೈತಿ."
"ಬೆಂಕಿ ಬಿಟ್ಟು ರಗತಕ್ಕ ಬಂದ್ರೇನ್ರಿ?"
"ಎರಡೂ ಹರಿಯೂದ ಅಲ್ಲೇನು," ಅಂದ್ರು.

ಆದ್ರ ಹರೀಲಿಲ್ಲ.
ಎರಡನೇ ತಿರುವಿನಾಗ ಒಂದು ಗುಳ್ಳಿ,
ಸಾಸಿವಿಗಿಂತ ಸಣ್ಣದು,
ಮೂರನೇ ಗೇಟು ಹಾಕಿದಂಗ ಕುಂತು ಬಿಡ್ತು.
ಈ ಕಡೆ ರಗತ ಕಾಯಕೋತ ನಿಂತು ಕಪ್ಪಾತು.

ಮೂರು ವಾರ ಮೇಡಂ ಮುಖದ ಮ್ಯಾಲೂ ಅದ ಗುಳ್ಳಿ.

ಅಪ್ಪ ಉಸುಕಿನ ಅಚ್ಚಿಗೆ ಸಲಾಕಿ ಚುಚ್ಚತಿದ್ದ,
ಕಾದ ಕಬ್ಬಿಣ ಸುರಿಯೂಕಿಂತ ಮೊದಲ, ಹತ್ತಿಪ್ಪತ್ತು ಕಡೆ.
"ರಸಕ್ಕ ದಾರಿ ಎಲ್ಲಾರೂ ಬಿಡತಾರೋ,
ಗಾಳಿಗೆ ಯಾರು ಬಿಡತಾರ?"
ಒಂದ ದಿನ ಅವಸರದಾಗ ಚುಚ್ಚೂದು ಮರತಿದ್ದ.
ಮೊಳಕೈತನಕ ಅದರ ಗುರುತು;
ಅರ್ಧ ತೋಳಿನ ಅಂಗಿ ಮುಂದ ಎಂದೂ ಹಾಕಲಿಲ್ಲ.

ಯಾರನ್ನೂ ಕೇಳದ ತಿರುವಿನ ಮೂಲಿ ದುಂಡಗ ಮಾಡಿದೆ,
ಪಕ್ಕಕ್ಕ ಕಣ್ಣಿಗೆ ಕಾಣದಂಥದೊಂದು ಉಸುರುಗಿಂಡಿ ಬಿಟ್ಟೆ.
ಡ್ರಾಯಿಂಗಿನಾಗ ಅದು ಇರಲಿಲ್ಲ.
ಮೇಡಂ ಮಸೂರ ಹಿಡದು ಭಾಳ ಹೊತ್ತು ನೋಡಿದ್ರು,
"ಇದನ್ಯಾರು ಕಲಿಸಿದ್ರು?" ಅಂದ್ರು.
ನಾ ಕೂಲಂಟಿನ ಡಬ್ಬಿ ಹುಡುಕೂ ಹಂಗ ಮಾಡಿದೆ.

ಬುತ್ತಿ ಕೊಡಾಕ ಬಂದಿದ್ಲು ಯಲ್ಲುಬಾಯಿ,
ಕೋರ್ ಶಾಪಿನ ಧೂಳು ಇನ್ನೂ ಹುಬ್ಬಿನ ಮ್ಯಾಲೆ.
ಮೇಡಂ ಕೇಳಿದ್ರು, ಅಕಿ ಬಟ್ಟು ಚಾಚಿದ್ಲು.
ಹನಿ ಹೊಂಟ್ತು: ಮೊದಲನೇ ತಿರುವು,
ಎರಡನೇದು, ಒಂದು ಸಲ ತಡವರಿಸಿ
ಬಳಕ್ಕೊಂಡು ಮುಂದ ಹೋತು.
ನಾವು ಮೂವರೂ ಉಸುರು ಬಿಟ್ವಿ.

ಕಡೀಕ ಬಣ್ಣದ ಪಟ್ಟಿ ಎಂಟಕ್ಕ ನಿಂತು ಬಿಡ್ತು.
"ಹನ್ನೆರಡಿರಬೇಕು," ಅಂದ್ರು ಮೇಡಂ, ಸಣ್ಣ ದನಿಯಾಗ.
ಹದಿನಾರು ವರ್ಷ ಒಂದ ಗಂಗಾಳದಾಗ ಉಂಡೀವಿ,
ಜಿನ್ನ ಹತ್ತುವಾಗ ಅಕಿ ಯಾಕ ನಿಂತು ನಿಂತು ಹತ್ತತಾಳಂತ
ನಾ ಒಂದ ದಿನಾನೂ ಕೇಳಿದ್ದಿಲ್ಲ.

ಯಲ್ಲುಬಾಯಿ ಬಟ್ಟು ಸೆರಗಿಗೆ ಒರಿಸಿಕೊಂಡು ಅಂದ್ಲು,
"ಇದಕ್ಕೂ ಬಿಲ್ ಹಾಕ್ತೀಯೇನ?"

ಸಂಜಿಗೆ ಪುಸ್ತಕ ತಗದೆ. ಕಾಲುವಿ ಒಂದು, ತಿರುವು ನಾಕು.
ಉಸುರುಗಿಂಡಿಯ ಮುಂದ ಪೆನ್ನು ನಿಂತೈತಿ.
ಹೊರಗ ಮಂದಿ ಶಟರ್ ಎಳೀತಿದ್ರು.